ಊರಿನ ಕಂಪ್ಯೂಟರ್‌ಗೆ ಬೆಂಗಳೂರಿನಿಂದ ರಿಮೋಟ್: ಪೋರ್ಟ್ ತೆರೆದರೂ ಕನೆಕ್ಟ್ ಆಗುತ್ತಿಲ್ಲ

ತುಂಗಾತೀರ:
ಶಿವಮೊಗ್ಗದ ಮನೆಯಲ್ಲಿ ಡೆಸ್ಕ್‌ಟಾಪ್ ಇದೆ. ವಿಂಡೋಸ್ 11 ಹೋಮ್, ಫೈಬರ್ ಕನೆಕ್ಷನ್. ಬೆಂಗಳೂರಿನ ಲ್ಯಾಪ್‌ಟಾಪಿನಿಂದ ಅದನ್ನು ನಡೆಸಬೇಕು. ರೂಟರ್‌ನಲ್ಲಿ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಡೆಸ್ಕ್‌ಟಾಪಿಗೆ ಕಳಿಸುವಂತೆ) ಮಾಡಿದ್ದಾಯಿತು, ಫೈರ್‌ವಾಲ್‌ನಲ್ಲೂ ಬಿಟ್ಟಿದ್ದಾಯಿತು, ಆದರೂ ಆಗುತ್ತಿಲ್ಲ. ರೂಟರ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ಗೆ ಕಂಪನಿ ಕಡೆಯಿಂದ ಸಿಕ್ಕ ವಿಳಾಸ) 100.72ರಿಂದ ಶುರುವಾಗುತ್ತದೆ, ಗೂಗಲ್‌ನಲ್ಲಿ ನೋಡಿದರೆ ಬೇರೆಯೇ ನಂಬರ್. ಇನ್ನೊಂದು: ಕರೆಂಟ್ ಹೋಗಿ ಬಂದಮೇಲೆ ಮಿಷನ್ ತಾನಾಗಿ ಆನ್ ಆಗಬೇಕು.

ತಂತಿಪಂಡಿತ:
ಆ 100.72 ಎಂಬುದೇ ಉತ್ತರ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳು ಸಿಜಿನ್ಯಾಟ್‌ಗೆ ಮೀಸಲು. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಇಂಟರ್‌ನೆಟ್ ಕಂಪನಿ ಹತ್ತಾರು ಮನೆಗಳಿಗೆ ಹಂಚಿದೆ. ನೀವು ತೆರೆದದ್ದು ನಿಮ್ಮ ಮನೆಯ ಬಾಗಿಲು, ಬೀದಿಯ ಗೇಟಿನ ಬೀಗ ಅವರ ಕೈಯಲ್ಲಿದೆ. ಸಾಲದ್ದಕ್ಕೆ, ವಿಂಡೋಸ್ ಹೋಮ್‌ನಿಂದ ಬೇರೆ ಮಿಷನ್‌ಗೆ ರಿಮೋಟ್ ಡೆಸ್ಕ್‌ಟಾಪ್ ಮಾಡಬಹುದೇ ಹೊರತು ಅದರೊಳಕ್ಕೆ ಬರುವಂತಿಲ್ಲ, ಅದಕ್ಕೆ ಪ್ರೊ ಬೇಕು. ಪೋರ್ಟ್ ಫಾರ್ವರ್ಡ್ ಈಗಲೇ ತೆಗೆದುಬಿಡಿ. 3389 ಇಂಟರ್‌ನೆಟ್‌ಗೆ ತೆರೆದಿದ್ದರೆ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹಗಲುರಾತ್ರಿ ಬಡಿಯುತ್ತವೆ.

ಎರಡೂ ಮಿಷನ್‌ಗಳಿಗೆ ಟೇಲ್‌ಸ್ಕೇಲ್ (ದೂರದ ಮಿಷನ್‌ಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್) ಹಾಕಿ, ಒಂದೇ ಅಕೌಂಟಿನಲ್ಲಿ ಲಾಗಿನ್ ಆಗಿ. ಅದು ಒಳಗಿನಿಂದ ಹೊರಕ್ಕೆ ಕನೆಕ್ಷನ್ ಕಟ್ಟುವುದರಿಂದ ಸಿಜಿನ್ಯಾಟ್ ಅಡ್ಡಬರುವುದಿಲ್ಲ. ಅದು ಕೊಡುವ ವಿಳಾಸವೂ 100ರಿಂದಲೇ ಶುರುವಾಗುತ್ತದೆ, ವ್ಯಾನ್ ಐಪಿ ಜೊತೆ ಕಲಸಿಕೊಳ್ಳಬೇಡಿ. ಮನೆಯ ಮಿಷನ್‌ನಲ್ಲಿ 'ರನ್ ಅನ್‌ಅಟೆಂಡೆಡ್' ಆನ್ ಮಾಡಿ. ಇಲ್ಲದಿದ್ದರೆ ರೀಸ್ಟಾರ್ಟ್ ಆದಮೇಲೆ ಯಾರಾದರೂ ಲಾಗಿನ್ ಆಗುವವರೆಗೂ ಅದು ಏಳುವುದಿಲ್ಲ. ವೆಬ್ ಕನ್ಸೋಲ್‌ನಲ್ಲಿ ಆ ಮಿಷನ್‌ನ ಕೀ ಎಕ್ಸ್‌ಪೈರಿಯನ್ನೂ (ಲಾಗಿನ್ ಅವಧಿ ಮುಗಿಯುವುದನ್ನು) ನಿಲ್ಲಿಸಿ. ಮರೆತರೆ 180 ದಿನಕ್ಕೆ ಸರಿಯಾಗಿ ಕೈಕೊಡುತ್ತದೆ, ಆಗ ನೀವೇ ಬಸ್ ಹತ್ತಬೇಕು.

ದೂರದ ಸ್ಕ್ರೀನ್ ನೋಡಿ ನಡೆಸಲು ರಸ್ಟ್‌ಡೆಸ್ಕ್ ಎಂಬ ಆ್ಯಪ್ ಸಾಕು. ಸುಮ್ಮನೆ ಓಡಿಸಬೇಡಿ, ಇನ್‌ಸ್ಟಾಲ್ ಮಾಡಿ. ಸರ್ವಿಸ್ ಆಗಿ ನಿಂತರೆ ಮಾತ್ರ ಲಾಗಿನ್ ಪರದೆ, ಅಡ್ಮಿನ್ ಅನುಮತಿ ಕೇಳುವ ಕಿಟಕಿ ಎಲ್ಲವೂ ದೂರದಿಂದ ಕಾಣುತ್ತವೆ. ಉದ್ದನೆಯ ಪರ್ಮನೆಂಟ್ ಪಾಸ್‌ವರ್ಡ್ ಇಟ್ಟು, ಸೆಕ್ಯೂರಿಟಿಯಲ್ಲಿ ಡೈರೆಕ್ಟ್ ಐಪಿ ಆಕ್ಸೆಸ್ ತೆರೆದು, ಟೇಲ್‌ಸ್ಕೇಲ್ ವಿಳಾಸವನ್ನೇ ಹೊಡೆಯಿರಿ. ಅದರ ಪೋರ್ಟ್ 21118. ಚಿತ್ರ ನಿಧಾನವಾದರೆ ಟೇಲ್‌ಸ್ಕೇಲ್ ಸ್ಟೇಟಸ್ ಕಮಾಂಡ್ ಕೊಟ್ಟು ನೋಡಿ, 'ರಿಲೇ' ಎಂದಿದ್ದರೆ ಡೇಟಾ ಬಳಸುದಾರಿಯಲ್ಲಿ ಹೋಗುತ್ತಿದೆ ಎಂದರ್ಥ.

ಅಡಿಕೆಮರ:
ಕರೆಂಟಿನ ವಿಷಯ: ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಇರುತ್ತದೆ, ಬೋರ್ಡಿನಿಂದ ಬೋರ್ಡಿಗೆ ಹೆಸರು ಸ್ವಲ್ಪ ಬೇರೆ. 'ಪವರ್ ಆನ್' ಕೊಡಿ, 'ಲಾಸ್ಟ್ ಸ್ಟೇಟ್' ಬೇಡ. ಯುಪಿಎಸ್ ಮಿಷನ್ನನ್ನು ಸರಿಯಾಗಿ ಶಟ್‌ಡೌನ್ ಮಾಡಿಬಿಟ್ಟಿದ್ದರೆ, ಲಾಸ್ಟ್ ಸ್ಟೇಟ್ ಲೆಕ್ಕದಲ್ಲಿ ಅದು ಆಫ್ ಆಗಿಯೇ ಇರಬೇಕು.

ಯಾರೋ ಶಟ್‌ಡೌನ್ ಒತ್ತಿದರೆ ನೆಟ್‌ವರ್ಕ್ ಮೂಲಕವೇ ಮಿಷನ್ ಎಬ್ಬಿಸುವ ವೇಕ್ ಆನ್ ಲ್ಯಾನ್ ಬೇಕಾಗುತ್ತದೆ. ಮಿಷನ್ ವೈಫೈ ಮೇಲಿದ್ದರೆ ಆಸೆ ಬಿಡಿ, ಈಥರ್‌ನೆಟ್ ಕೇಬಲ್ ಎಳೆಯಿರಿ. ಬಯಾಸ್‌ನಲ್ಲಿ ಇಆರ್‌ಪಿ (ಮಿಷನ್ ಆಫ್ ಇದ್ದಾಗ ಕರೆಂಟ್ ಉಳಿಸುವ ಸೆಟ್ಟಿಂಗ್) ಆಫ್, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್. ಎಬ್ಬಿಸುವ ಪ್ಯಾಕೆಟ್ ಬರೀ 102 ಬೈಟ್: ಆರು ಸಲ ಎಫ್‌ಎಫ್, ಆಮೇಲೆ ಮಿಷನ್‌ನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) 16 ಸಲ. ಇದು ಮನೆಯ ನೆಟ್‌ವರ್ಕ್‌ನೊಳಗಿನ ಬ್ರಾಡ್‌ಕಾಸ್ಟ್ ಆದ್ದರಿಂದ ಟೇಲ್‌ಸ್ಕೇಲ್ ದಾಟಿ ಬರುವುದಿಲ್ಲ. ಮಲಗಿರುವ ಮಿಷನ್‌ನಲ್ಲಂತೂ ಟೇಲ್‌ಸ್ಕೇಲೇ ಓಡುತ್ತಿರುವುದಿಲ್ಲ. ಹಳೆಯ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಒಂದನ್ನು ರೂಟರ್ ಪಕ್ಕ ಇಟ್ಟು, ಅದಕ್ಕೂ ಟೇಲ್‌ಸ್ಕೇಲ್ ಹಾಕಿ, ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡುವ ದಾರಿ) ಹೋಗಿ ಅಲ್ಲಿಂದ ಪ್ಯಾಕೆಟ್ ಬಿಡಬೇಕು.

ತುಂಗಾತೀರ:
ಟೇಲ್‌ಸ್ಕೇಲ್, ರಸ್ಟ್‌ಡೆಸ್ಕ್ ಎರಡೂ ಹತ್ತಿದವು, ಡೈರೆಕ್ಟ್ ಅಂತಲೇ ತೋರಿಸುತ್ತಿದೆ. ಆದರೆ ಮನೆಯಲ್ಲಿ ಮಾನಿಟರ್ ಆಫ್ ಮಾಡಿದರೆ ಇಲ್ಲಿ ಪರದೆ ಅಂಗೈಯಗಲ ಆಗುತ್ತದೆ, ಒಮ್ಮೊಮ್ಮೆ ಪೂರ್ತಿ ಕಪ್ಪು.

ತಂತಿಪಂಡಿತ:
ಮಾನಿಟರ್ ಆಫ್ ಆದಾಗ ಕೇಬಲ್ಲೇ ಕಿತ್ತಂತೆ ಗ್ರಾಫಿಕ್ಸ್ ಕಾರ್ಡಿಗೆ ಕಾಣುತ್ತದೆ, ಡಿಸ್‌ಪ್ಲೇಪೋರ್ಟ್‌ನಲ್ಲಿ ಇದು ಹೆಚ್ಚು. ಎಚ್‌ಡಿಎಂಐ ಡಮ್ಮಿ ಪ್ಲಗ್ ಅಂತ ಮಾನಿಟರ್ ಇದೆ ಎಂದು ಕಾರ್ಡನ್ನು ನಂಬಿಸುವ, ಹೆಬ್ಬೆರಳಿನಷ್ಟು ದೊಡ್ಡದೊಂದು ಸಿಗುತ್ತದೆ. ಖಾಲಿ ಎಚ್‌ಡಿಎಂಐ ಪೋರ್ಟಿಗೆ ಚುಚ್ಚಿ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ಡೂಪ್ಲಿಕೇಟ್' ಆರಿಸಿ. 'ಎಕ್ಸ್‌ಟೆಂಡ್' ಆದರೆ ಮನೆಯವರ ಮೌಸ್ ಇಲ್ಲದ ಪರದೆಯೊಳಗೆ ಕಾಣೆಯಾಗುತ್ತದೆ, ಅದಕ್ಕೂ ನಿಮಗೇ ಫೋನ್ ಬರುತ್ತದೆ.