ನಾಯಿಗೆ ಲಿಂಫೋಮಾ: ಕೀಮೋ ಮಾಡಸೂದೋ ಬಿಡೂದೋ, ರೊಕ್ಕದ ಲೆಕ್ಕಾ ಹೆಂಗ?

ಉಣಕಲ್_ಕೆರಿ:
ಲ್ಯಾಬ್ರಡಾರ್, ಗಂಡು, 7 ವರ್ಷ, 28 ಕಿಲೋ. ಗದ್ದದ ಕೆಳಗ ಎರಡೂ ಕಡೆ ಲಿಂಬಿಹಣ್ಣಿನಷ್ಟು ಗಂಟು, ಹಿಂಗಾಲಿನ ಮೊಣಕಾಲ ಹಿಂದನೂ ಅದಾವ. ಮುಟ್ಟಿದ್ರ ನೋವಿಲ್ಲ. ಸೂಜಿ ಹಾಕಿ ತಗದ ಸ್ಯಾಂಪಲ್‌ನಾಗ ಲಿಂಫೋಮಾ, ಅಂದ್ರ ಲಿಂಫ್ ಗಂಟಿನ ಕ್ಯಾನ್ಸರ್, ಅಂತ ಬಂದೈತಿ. ಉಣ್ಣತೈತಿ, ಅಡ್ಡಾಡತೈತಿ. ಕೀಮೋ ಅಂದ್ರ ಖರ್ಚು ಎಲ್ಲೆಲ್ಲಿ ಬೀಳತೈತಿ? ಬಿಟ್ರ ಎಷ್ಟ ದಿನ? ಈಗ ಇನ್ಶೂರೆನ್ಸ್ ತಗೊಂಡ್ರ ನಡೀತೈತೇನ್ರಿ?

ಬೆಟಗೇರಿ_ಮಗ್ಗ:
ಮೊದಲ ಒಂದ ಮಾತು. ಪ್ರೆಡ್ನಿಸೊಲೋನ್ ಅನ್ನೂ ಸ್ಟಿರಾಯ್ಡ್ ಗುಳಿಗಿ ಚಾಲೂ ಮಾಡಿಲ್ಲಲ್ಲ? ಕೀಮೋ ಬೇಕೋ ಬ್ಯಾಡೋ ಅನ್ನೂದು ಗಟ್ಟಿ ಆಗೂತನಕ ಅದನ್ನ ಮುಟ್ಟಬ್ಯಾಡ್ರಿ. ಗಂಟು ನಾಕ ದಿನದಾಗ ಕರಗತಾವ, ಮನ್ಯಾಗ ಎಲ್ಲಾರಿಗೂ ಖುಷಿ. ಆದ್ರ ಕ್ಯಾನ್ಸರ್ ಕೋಶ ಔಷಧಕ್ಕ ಮೈ ಒಗ್ಗಿಸಿಕೊಂಡಬಿಡತಾವ, ಮುಂದ ಕೀಮೋ ಕೊಟ್ರೂ ಸರಿಯಾಗಿ ಹತ್ತೂದಿಲ್ಲ. ರೊಕ್ಕ ನೀರಾಗ ಹೋಗೂದು ಇಲ್ಲೇ.

ಏನೂ ಮಾಡದಿದ್ರ ಸಾಮಾನ್ಯವಾಗಿ 4ರಿಂದ 6 ವಾರ. ಬರೇ ಪ್ರೆಡ್ನಿಸೊಲೋನ್ ಆದ್ರ 1ರಿಂದ 3 ತಿಂಗಳು. ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೊಲೋನ್ ಕೂಡಿಸಿದ ‘ಚಾಪ್’ 19ರಿಂದ 25 ವಾರ ನಡೀತೈತಿ. ಲಿಂಫೋಮಾದಾಗ ಬಿ-ಕೋಶ, ಟಿ-ಕೋಶ ಅಂತ ಎರಡು ಜಾತಿ: ಬಿ-ಕೋಶದ್ದಾದ್ರ ಸುಮಾರು ಒಂದ ವರ್ಷ ಸಿಗತೈತಿ, ಟಿ-ಕೋಶದ್ದಾದ್ರ ಅದಕ್ಕಿಂತ ಕಡಿಮಿ. ಪೂರ್ತಿ ವಾಸಿ ಆಗತೈತಿ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ನಡುವಿನ ದಾರಿ ಅಂದ್ರ ಡಾಕ್ಸೋರುಬಿಸಿನ್ ಒಂದ, 3 ವಾರಕ್ಕೊಮ್ಮೆ, 5 ಸಲ. ಓಡಾಟ ಭಾಳ ಕಡಿಮಿ.

ಔಷಧದ ಡೋಸು ಕಿಲೋ ಮ್ಯಾಲಲ್ಲ, ಮೈಯ ಹರವಿನ ಮ್ಯಾಲ. 28 ಕಿಲೋಕ್ಕ 0.93 ಚದರ ಮೀಟರ್. ವಿನ್‌ಕ್ರಿಸ್ಟಿನ್ ಚದರ ಮೀಟರಿಗೆ 0.7 ಮಿ.ಗ್ರಾಂ., ಅಂದ್ರ 0.65, 1 ಮಿ.ಗ್ರಾಂ. ವಯಲ್ ಒಂದ ಸಾಕು. ಡಾಕ್ಸೋರುಬಿಸಿನ್ 30 ಮಿ.ಗ್ರಾಂ. ಲೆಕ್ಕದಾಗ 28, 10ರ ವಯಲ್ ಮೂರು. ಇವು ಮನಷ್ಯಾರ ಕ್ಯಾನ್ಸರ್ ಔಷಧಾನ ಅದಾವ, ಜನರಿಕ್ ಕೇಳ್ರಿ. ಖರೇ ಖರ್ಚು ಸಲಸಲಕ್ಕ ರಕ್ತ ತಪಾಸಣಿ, ಡಾಕ್ಸೋ ಮೊದಲ ಹೃದಯದ ಎಕೋ, ಗಾಡಿ ಬಾಡಗಿ, ನಡುವ ಜ್ವರ ಬಂದು ಸಲೈನ್ ಹಚ್ಚೂದು. ಇವನ್ನೆಲ್ಲಾ ಬ್ಯಾರೆ ಬ್ಯಾರೆ ಮಾಡಿ ಎಸ್ಟಿಮೇಟ್ ಬರಸಕೋರಿ, ಒಟ್ಟು ಅಂಕಿಗೆ ಹೂಂ ಅನಬ್ಯಾಡ್ರಿ.

ಎರಿಹೊಲ:
ಇನ್ಶೂರೆನ್ಸ್ ನಡೆಯೂದಿಲ್ರಿ. ರಿಪೋರ್ಟ್ ಬಂದ ಮ್ಯಾಲ ಅದು ಹಳೆ ರೋಗ, ಕವರ್ ಆಗೂದಿಲ್ಲ.

ಗದಗ ಪಶುವೈದ್ಯಕೀಯ ಕಾಲೇಜಿಗೂ ಬೆಂಗಳೂರು ಹೆಬ್ಬಾಳದ ಕಾಲೇಜಿಗೂ ಫೋನ್ ಹಚ್ಚಿ ಒಂದ ಪ್ರಶ್ನೆ ಕೇಳ್ರಿ: ಕೀಮೋ ಕೊಡ್ತೀರೋ ಇಲ್ಲೋ. ಪ್ಲ್ಯಾನ್ ಅಲ್ಲಿ ಬರಸಿ, ವಾರದ ರಕ್ತ ತಪಾಸಣಿ ಹುಬ್ಬಳ್ಳ್ಯಾಗ ಮಾಡಿಸಿ ವಾಟ್ಸಾಪ್‌ನಾಗ ಕಳಸಬಹುದಾ ಅಂತನೂ ಕೇಳ್ರಿ. ಒಂದೊಂದ ಟ್ರಿಪ್ ಉಳೀತದ.

ಕೆಡೂದು ಎಲ್ಲಿ ಅಂದ್ರ ಸೂಜಿಯೊಳಗ. ವಿನ್‌ಕ್ರಿಸ್ಟಿನ್, ಡಾಕ್ಸೋ ರಕ್ತನಾಳದ ಹೊರಗ ಸೋರಿದ್ರ ಚರ್ಮ ಕೊಳತ ಉದರತದ. ಪ್ರತಿ ಸಲ ಹೊಸಾ ಕ್ಯಾನುಲಾ (ರಕ್ತನಾಳಕ್ಕ ಕೂಡಿಸೂ ನಳಿಗಿ), ಒಂದ ಚುಚ್ಚಿಗೆ ಕೂತದ್ದು. ಎರಡನೇ ಚುಚ್ಚು ಬಿದ್ರ ಬ್ಯಾರೆ ಕಾಲು. ಡೋಸಿನ ದಿನ ನ್ಯೂಟ್ರೋಫಿಲ್ (ಬಿಳಿಕಣದ ಒಂದ ಜಾತಿ) 1500ಕ್ಕಿಂತ ಕಡಿಮಿ ಇದ್ರ ಡೋಸ್ ಮುಂದ ಹಾಕ್ತಾರ. ಡೋಸ್ ಕೊಟ್ಟ ಒಂದ ವಾರದ ಸುಮಾರಿಗೆ ಬಿಳಿಕಣ ತೀರಾ ಇಳೀತಾವ. ಆವಾಗ ಥರ್ಮಾಮೀಟರ್ 103 ಫ್ಯಾರನ್‌ಹೀಟ್ ದಾಟಿದ್ರ ರಾತ್ರೀನ ಹೋಗ್ರಿ. ಮನ್ಯಾಗಿನ ಪ್ಯಾರಾಸಿಟಮಾಲ್ ಕೊಡಬ್ಯಾಡ್ರಿ. ಡೋಸ್ ಆದ ಮ್ಯಾಲ ಮೂರ ದಿನ ಉಚ್ಚಿ, ಹೇಲು ಬಳಿಯೂಮುಂದ ಹ್ಯಾಂಡ್‌ಗ್ಲೌಸ್ ಇರಲಿ. ಬಸುರಿ ಹೆಣ್ಣಮಕ್ಕಳು ಮುಟ್ಟೂದ ಬ್ಯಾಡ.

ಉಣಕಲ್_ಕೆರಿ:
ಧನ್ಯವಾದ್ರಿ ಇಬ್ಬರಿಗೂ. ಗುಳಿಗಿ ಚಾಲೂ ಮಾಡಿಲ್ಲ. ಕೀಮೋ ಕೈಲೆ ಆಗೂದಿಲ್ಲ ಅಂತಾದ್ರ ಏನ ಮಾಡೂದು?

ನವಲೂರ_ಪ್ಯಾರಲ:
ಕೀಮೋ ಬಿಟ್ರ ನಾಯೀನ ಕೈಬಿಟ್ಟಂಗಲ್ರಿ. ಆವಾಗ ಪ್ರೆಡ್ನಿಸೊಲೋನ್ ಸರಿ. ಈ ತೂಕಕ್ಕ ದಿನಕ್ಕ 40 ಮಿ.ಗ್ರಾಂ. ಆಸುಪಾಸು ಚಾಲೂ ಮಾಡಿ ಡಾಕ್ಟರು ಇಳಸ್ತಾರ. ಮುಂಜಾನೆ ಉಂಡ ಮ್ಯಾಲ ಕೊಡ್ರಿ. ನೀರು ಭಾಳ ಕುಡೀತದ, ರಾತ್ರಿ ಎರಡ ಸಲ ಬಾಗಲಾ ತಗೀಬೇಕಾಗ್ತದ. ಜೋಡಿ ಮೆಲಾಕ್ಸಿಕಾಮ್‌ನಂಥಾ ನೋವಿನ ಗುಳಿಗಿ ಕೂಡಿಸಿದ್ರ ಹೊಟ್ಟ್ಯಾಗ ಹುಣ್ಣು. ಹೇಲು ಡಾಂಬರಿನಂಗ ಕರ್ರಗಾದ್ರ ಅದ ಗುರ್ತು. ಪ್ರೆಡ್ನಿಸೊಲೋನ್ ಒಮ್ಮೆಲೆ ಬಂದ್ ಮಾಡಬ್ಯಾಡ್ರಿ.

ಕ್ಯಾಲೆಂಡರಿನ ಮ್ಯಾಲ ದಿನಾ ಮೂರ ಗುರ್ತು ಹಾಕ್ರಿ: ತಾನಾಗೇ ಉಣ್ತೋ ಇಲ್ಲೋ, ತಾನಾಗೇ ಎದ್ತೋ ಇಲ್ಲೋ, ಮಲಗಿದ್ದಾಗ ಉಸರಾಟ ನಿಮಿಷಕ್ಕ ಎಷ್ಟು. 30ರ ಒಳಗ ಇರಬೇಕು. ಕೆಟ್ಟ ದಿನ ಹೆಚ್ಚಾದ ವಾರ ದಯಾಮರಣಕ್ಕ ಡಾಕ್ಟರನ್ನ ಮನಿಗೇ ಕರೀರಿ, ಅದರ ಫೀಜು ಮೊದಲ ಮಾತಾಡಿಟ್ಟಿರ್ರಿ. ಮೊದಲ ನಿದ್ದಿ ಇಂಜೆಕ್ಷನ್, ಆಮ್ಯಾಲ ರಕ್ತನಾಳಕ್ಕ ಕಡೀ ಇಂಜೆಕ್ಷನ್. ಕಣ್ಣು ಮುಚ್ಚೂದಿಲ್ಲ, ಎದಿ ನಿಂತ ಮ್ಯಾಲೂ ಒಂದೆರಡು ಉಸರು ಎಳದಂಗ ಕಾಣತದ, ಉಚ್ಚಿ ಹೋಗತದ. ಅದು ನೋವಲ್ಲ, ಮಕ್ಕಳು ಬಾಜೂಕ ಇದ್ರ ಮುಂಚೇನ ಹೇಳ್ರಿ.

ಹೊಲದಾಗ ಮಣ್ಣು ಮಾಡೂದಿದ್ರ 5 ಫೂಟು ಆಳ, ಬಾವಿ ಬೋರಿನಿಂದ ದೂರ. ಎರಿ ನೆಲ ಬ್ಯಾಸಗ್ಯಾಗ ಬಿರಕ ಬಿಡತದ, ಮ್ಯಾಲ ಮ್ಯಾಲ ಹುಗದ್ರ ಬೀದಿನಾಯಿ ಕೆದರತಾವ. ಇಂಜೆಕ್ಷನ್ನಿನ ಔಷಧ ಹೆಣದಾಗ ಹಂಗ ಉಳದಿರತದ, ತಿಂದ ನಾಯಿನೂ ಸಾಯಬಹುದು. ತೆಗ್ಗು ಈಗಲೇ ಹೇಳಿಡ್ರಿ, ಮಳಿ ಹತ್ತಿದ ಮ್ಯಾಲ ಎರ್ಯಾಗ ಜೆಸಿಬಿ ಇಳಿಯೂದಿಲ್ಲ.