ವಾಲ್ಟ್ ಆಫ್ ಹಾರರ್: ಇದು ಅಸಲಿ ಪ್ರತಿಯಾ?

ಪ್ರಶ್ನೆ:
ನ್ಯೂಜೆರ್ಸಿಯ ಹಳೆ ಪುಸ್ತಕದಂಗಡಿಯಲ್ಲಿ ‘ದ ವಾಲ್ಟ್ ಆಫ್ ಹಾರರ್’ ಕಾಮಿಕ್ ಒಂದು ಕಣ್ಣಿಗೆ ಬಿತ್ತು. ಮುಖಪುಟದಲ್ಲಿ ಸಂಚಿಕೆ 3 ಅಂತಿದೆ. ಅಂಗಡಿಯವರು 1950ರದ್ದು ಅಂತಾರೆ. ಕಾಗದ ಮಾತ್ರ ಬಿಳಿ ಬಿಳಿ. ಜಾನಿ ಕ್ರೇಗ್ ಬರೆದ ಮುಖಪುಟ ಅಂದ್ರೆ ನನಗೆ ಪ್ರಾಣ. ಕೊಳ್ಳಲಾ?

ಉತ್ತರ 1:
ಅಸಲಿ ಪ್ರತಿಯ ಬೆಲೆಗೆ ಬೇಡ. ಇದರ ಪ್ರಕಾಶಕರಾದ ಇಸಿ ಕಂಪನಿಯವರು ಬೇರೊಂದು ಪತ್ರಿಕೆಯ ಹೆಸರು ಬದಲಿಸಿ ಇದನ್ನು ಶುರು ಮಾಡಿದ್ದು. ಹಳೆಯದರ ಸಂಖ್ಯೆಯನ್ನೇ ಮುಂದುವರಿಸಿದ್ದರಿಂದ ಮೊದಲ ಸಂಚಿಕೆಯೇ 12, ಕೊನೆಯದು 40. ಮೂರನೇದು ಅಂತ ಒಂದು ಇರಲೇ ಇಲ್ಲ! ನಿಮಗೆ ಸಿಕ್ಕಿದ್ದು ಮರುಮುದ್ರಣ. ಬೆಲೆಯನ್ನೂ ನೋಡಿ. ಅಸಲಿಯಲ್ಲಿ 10 ಸೆಂಟ್ ಅಂತ ಇರುತ್ತದೆ.

ಉತ್ತರ 2:
ಚಿತ್ರಕ್ಕಾಗಿ ಕೊಳ್ಳುವವರಿಗೆ ಮರುಮುದ್ರಣ ಏನೂ ಕಡಿಮೆಯಲ್ಲ, ಅಲ್ವಾ? ಕ್ರೇಗ್ ಗೆರೆ ಎಷ್ಟು ಶುಭ್ರ ನೋಡಿ. ಇಸಿಯ ಇನ್ನೊಬ್ಬ ಚಿತ್ರಕಾರ ಗ್ರಹಾಂ ಇಂಗಲ್ಸ್ ಚಿತ್ರದಲ್ಲಿ ಎಲ್ಲ ಕೊಳೆತು ಸುರಿಯುತ್ತದೆ. ಕ್ರೇಗ್ ಹಾಗಲ್ಲ, ನೀಟಾಗಿ ಇಸ್ತ್ರಿ ಮಾಡಿದ ಸೂಟು ತೊಟ್ಟವನ ಕೈಗೆ ಕೊಡಲಿ ಕೊಡುತ್ತಾರೆ. ನನಗೆ ಅದೇ ಜಾಸ್ತಿ ಭಯ. ಇಸಿಯದೇ ಇನ್ನೊಂದು ಕಾಮಿಕ್ ‘ಕ್ರೈಮ್ ಸಸ್ಪೆನ್‌ಸ್ಟೋರೀಸ್’ 22ನೇ ಸಂಚಿಕೆಯ ಮುಖಪುಟದಲ್ಲಿ ಹೆಣ್ಣಿನ ಕಡಿದ ತಲೆ ಬರೆದವರೂ ಅವರೇ. 1954ರಲ್ಲಿ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರಾ ಅಂತ ನಡೆದ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಅದನ್ನು ಎತ್ತಿ ತೋರಿಸಿದರು. ಪ್ರಕಾಶಕ ಬಿಲ್ ಗೇನ್ಸ್, ಹಾರರ್ ಕಾಮಿಕ್‌ಗೆ ಇದು ಸದಭಿರುಚಿಯದ್ದೇ ಅಂದುಬಿಟ್ಟರು! ಅದೇ ವರ್ಷ ಕಾಮಿಕ್ಸ್ ಕೋಡ್, ಅಂದ್ರೆ ಪ್ರಕಾಶಕರು ತಾವೇ ಹಾಕಿಕೊಂಡ ನಿಯಮಾವಳಿ, ಬಂತು. ಹೆಸರಲ್ಲಿ ‘ಹಾರರ್’ ಅಂತ ಹಾಕೋದಕ್ಕೂ ತಡೆ ಬಿತ್ತು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಮರುಮುದ್ರಣದ ಬೆಲೆಗೆ ಕೊಟ್ಟರೆ ತಗೋತೀನಿ, ಗೋಡೆಗೆ ಹಾಕೋಕೆ.

ಉತ್ತರ 1:
ಬಿಸಿಲು ಬೀಳದ ಗೋಡೆ ನೋಡಿ. ಕೆಂಪು ಬೇಗ ಮಾಸುತ್ತದೆ.