“ನನ್ನನ್ನು ತೆಗೆಯಿರಿ” ಅಂತ ಗುಂಪಿಗೇ ಮೇಲ್ ಹಾಕಿದೆ, ಈಗ ಎಂತ ಮಾಡುದು?

ಪ್ರಶ್ನೆ (ಕಡಿಯಾಳಿ, ಉಡುಪಿ):

ಬ್ಯಾಂಕಿನಿಂದ ನಿವೃತ್ತನಾಗಿ ಆರು ವರ್ಷ ಆಯಿತು. ನಮ್ಮ ಹಳೆ ಸಹೋದ್ಯೋಗಿಗಳದ್ದು ಒಂದು ಗೂಗಲ್ ಗ್ರೂಪ್ ಉಂಟು. ಪಿಂಚಣಿ, ಡಿಎ ವಿಷಯ ಮಾತಾಡಲು ಶುರುವಾದದ್ದು. ಈಗ ದಿನಕ್ಕೆ ಮೂವತ್ತು ನಲವತ್ತು ಮೇಲ್. ಗುಡ್ ಮಾರ್ನಿಂಗ್ ಚಿತ್ರ, ರಾಜಕೀಯ, ಮೊಣಕಾಲು ನೋವಿಗೆ ಮದ್ದು. ಈ ರಾಶಿಯಲ್ಲಿ ಮಗಳು ಕಳಿಸಿದ ವಿಮಾನದ ಟಿಕೆಟ್ ನನಗೆ ಕಾಣಲೇ ಇಲ್ಲ. ಸಿಟ್ಟು ಬಂದು “ದಯವಿಟ್ಟು ನನ್ನನ್ನು ತೆಗೆಯಿರಿ” ಅಂತ ಬರೆದು ರಿಪ್ಲೈ ಒತ್ತಿದೆ. ಅದು ಎಲ್ಲರಿಗೂ ಹೋಯಿತು! ಸಂಜೆಯೊಳಗೆ ಇಪ್ಪತ್ತಮೂರು ಮಂದಿ “ನನ್ನನ್ನೂ ತೆಗೆಯಿರಿ” ಅಂದರು. ಏಳು ಮಂದಿ “ಎಲ್ಲರಿಗೂ ರಿಪ್ಲೈ ಮಾಡಬೇಡಿ” ಅಂತ ಎಲ್ಲರಿಗೂ ರಿಪ್ಲೈ ಮಾಡಿದರು. ಒಬ್ಬರಂತೂ ಫೋನ್ ಮಾಡಿ “ಯಾರ ಮೇಲೆ ಬೇಜಾರು?” ಅಂತ ಕೇಳಿದರು. ಆಮೇಲೆ ಅನ್‌ಸಬ್‌ಸ್ಕ್ರೈಬ್ ಎರಡು ಸಲ ಒತ್ತಿದೆ. ಮೇಲ್ ಬರುವುದು ನಿಂತಿಲ್ಲ.

ಉತ್ತರ (ಕಂಪ್ಯೂಟರ್ ಸರ್ವಿಸ್, ಹಂಪನಕಟ್ಟೆ, ಮಂಗಳೂರು):

ಸರ್, ನೀವು ಮೊದಲಿನವರಲ್ಲ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ನಾಲ್ಕೂ ಹುಟ್ಟಿದ್ದು ನಮ್ಮ ಈ ಕರಾವಳಿಯಲ್ಲಿ. ಹಾಗಾಗಿ ನನ್ನ ಅಂಗಡಿಗೆ ನಿವೃತ್ತ ಬ್ಯಾಂಕಿನವರ ಬರಗಾಲ ಇಲ್ಲ, ಅವರ ಗುಂಪುಗಳದ್ದೂ ಇಲ್ಲ.

ಗುಂಪಿನ ವಿಳಾಸದ ಹಿಂದೆ ಮನುಷ್ಯ ಕೂತಿರುವುದಿಲ್ಲ. ಬಂದದ್ದನ್ನು ಎಲ್ಲರಿಗೂ ಹಂಚುವುದಷ್ಟೇ ಅದರ ಕೆಲಸ. ಯಕ್ಷಗಾನದ ಮೈಕಿನ ಎದುರು ನಿಂತು “ಮೈಕ್ ಬಂದ್ ಮಾಡಿ” ಅಂದರೆ ಅದೂ ಊರಿಗೆಲ್ಲ ಕೇಳುತ್ತದೆ, ಅಲ್ವಾ?

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಎರಡು ಸಲ ಒತ್ತಿದರೂ ನಿಲ್ಲಲಿಲ್ಲ ಅಂದರೆ ನನಗೆ ಒಂದೇ ಅನುಮಾನ. ಗುಂಪಿಗೆ ಸೇರುವಾಗ ನೀವು ಕೊಟ್ಟದ್ದು ಬೇರೆ ವಿಳಾಸ ಇರಬೇಕು. ಆ ಹಳೆ ವಿಳಾಸಕ್ಕೆ ಬಂದದ್ದು ತಾನಾಗಿ ಈಗಿನ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಾ ಇರುತ್ತದೆ. ನೀವು ಅನ್‌ಸಬ್‌ಸ್ಕ್ರೈಬ್ ಒತ್ತಿದಾಗ ಕೋರಿಕೆ ಹೋಗುವುದು ಈಗಿನ ವಿಳಾಸದ ಹೆಸರಿನಲ್ಲಿ. ಗುಂಪಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ, ಮತ್ತೆ ಯಾರನ್ನು ತೆಗೆಯುವುದು?

ಇದನ್ನು ನೀವೇ ನೋಡಬಹುದು. ಮೊಬೈಲಿನಲ್ಲಿ ಆಗುವುದಿಲ್ಲ, ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯಿರಿ. ಗುಂಪಿನ ಯಾವುದಾದರೂ ಒಂದು ಮೇಲ್ ತೆಗೆದು, ಬಲಗಡೆ ಮೂರು ಚುಕ್ಕಿ ಒತ್ತಿ “ಶೋ ಒರಿಜಿನಲ್” ಅನ್ನಿ. ಒಂದು ಪುಟ ತುಂಬ ಅರ್ಥವಾಗದ ಅಕ್ಷರಗಳು ಬರುತ್ತವೆ, ಹೆದರಬೇಡಿ. ನಿಮಗೆ ಬೇಕಾದದ್ದು “ಡೆಲಿವರ್ಡ್ ಟು” ಅಂತ ಇರುವ ಸಾಲುಗಳು ಮಾತ್ರ. ಅಲ್ಲಿ ಈಗಿನ ವಿಳಾಸದ ಜೊತೆ ಹಳೆಯದೂ ಕಂಡರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ.

ಆಗ ಹಳೆ ವಿಳಾಸದಿಂದ ಲಾಗಿನ್ ಆಗಿ ಒಂದು ಖಾಲಿ ಮೇಲ್ ಕಳಿಸಿ. ಯಾರಿಗೆ ಅಂದರೆ, ಗುಂಪಿನ ಹೆಸರು, ಅದಕ್ಕೆ ಅಂಟಿಕೊಂಡು ಪ್ಲಸ್ ಚಿಹ್ನೆ, ಅನ್‌ಸಬ್‌ಸ್ಕ್ರೈಬ್, ಆಮೇಲೆ ಮಾಮೂಲಿ ಅಟ್ ಗೂಗಲ್‌ಗ್ರೂಪ್ಸ್ ಡಾಟ್ ಕಾಮ್. ಈ ವಿಳಾಸ ಸಾಮಾನ್ಯವಾಗಿ ಗುಂಪಿನ ಮೇಲ್‌ನ ಅಡಿಯಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯಾರೂ ಓದುವುದಿಲ್ಲ ಅಷ್ಟೇ. ಖಚಿತಪಡಿಸಿ ಅಂತ ಮೇಲ್ ಬಂದರೆ ಅದಕ್ಕೂ ಹೂಂ ಅನ್ನಿ.

ಆದರೆ ಪೂರ್ತಿ ಬಿಡಬೇಕಾ ಅಂತ ಒಮ್ಮೆ ಯೋಚಿಸಿ. ಪಿಂಚಣಿ ಸುದ್ದಿ ನಿಮಗೂ ಬೇಕಲ್ಲ. ಗೂಗಲ್ ಗ್ರೂಪ್ಸ್‌ನಲ್ಲಿ ನಿಮ್ಮ ಸದಸ್ಯತ್ವದ ಸೆಟ್ಟಿಂಗ್‌ಗೆ ಹೋದರೆ “ಡೈಜೆಸ್ಟ್” ಅಂತ ಉಂಟು, 25 ಮೇಲ್‌ಗಳವರೆಗೆ ಒಂದೇ ಕಟ್ಟಾಗಿ ಬರುತ್ತದೆ. “ನೋ ಇಮೇಲ್” ಇಟ್ಟರೆ ಏನೂ ಬರುವುದಿಲ್ಲ, ಬೇಕೆನಿಸಿದಾಗ ನೀವೇ ಹೋಗಿ ಓದಬಹುದು. ನಾನಾದರೆ ಅದನ್ನೇ ಇಡುತ್ತೇನೆ. ದಿನಕ್ಕೆ ನಲವತ್ತು ಮೇಲ್ ಬರುವಲ್ಲಿ ಡೈಜೆಸ್ಟ್ ಅಂದರೆ ಗುಡ್ ಮಾರ್ನಿಂಗನ್ನೇ ಮೂಟೆ ಕಟ್ಟಿ ತಂದ ಹಾಗೆ.

ಪ್ರಶ್ನೆ (ಸುರತ್ಕಲ್):

ನನ್ನದು ಬೇರೆ ಕಥೆ. ನಾನು ಸೇರಲೇ ಇಲ್ಲ, ಯಾರೋ ಷೇರು, ಕ್ರಿಪ್ಟೊ ಅಂತ ಒಂದು ಗುಂಪಿಗೆ ಸೇರಿಸಿದ್ದಾರೆ. ಅನ್‌ಸಬ್‌ಸ್ಕ್ರೈಬ್ ಒತ್ತಬಹುದಾ?

ಉತ್ತರ:

ಮೇಲ್‌ನ ಒಳಗಿನ ಲಿಂಕ್ ಮುಟ್ಟಬೇಡಿ. ಅಪರಿಚಿತರಿಗೆ ಅದು “ಈ ವಿಳಾಸದಲ್ಲಿ ಜನ ಇದ್ದಾರೆ” ಅಂತ ಹೇಳಿದ ಹಾಗೆ. ನೇರ ಗೂಗಲ್ ಗ್ರೂಪ್ಸ್ ತೆರೆದು, ನಿಮ್ಮ ಗುಂಪುಗಳ ಪಟ್ಟಿಯಲ್ಲಿ ಅದು ಕಂಡರೆ ಅಲ್ಲಿಂದಲೇ ಹೊರಗೆ ಬನ್ನಿ. ಕಾಣದಿದ್ದರೆ ಸ್ಪ್ಯಾಮ್ ಒತ್ತಿ, ಸ್ಪ್ಯಾಮಿನಲ್ಲಿ ಬಿದ್ದದ್ದು 30 ದಿನದಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಹಾಗೇ ಗೂಗಲ್ ಗ್ರೂಪ್ಸ್‌ನ ಗ್ಲೋಬಲ್ ಸೆಟ್ಟಿಂಗ್ಸ್‌ನಲ್ಲಿ, ಗುಂಪು ನಡೆಸುವವರು ನಿಮ್ಮನ್ನು ನೇರ ಸೇರಿಸಲು ಅನುಮತಿ ಕೊಡುವ ಟಿಕ್ ಮಾರ್ಕ್ ತೆಗೆದುಬಿಡಿ. ದುಡ್ಡು ಹಾಕಿಲ್ಲ ತಾನೇ? ಹಾಕಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ (ಬ್ರಹ್ಮಾವರ):

ವಾಟ್ಸಾಪಿನ ಹಾಗೆ ಮೇಲ್‌ನಲ್ಲಿ ಮ್ಯೂಟ್ ಇಲ್ವಾ?

ಉತ್ತರ:

ಉಂಟು. ಮೇಲ್ ತೆರೆದಾಗ ಪುಟದ ಮೇಲ್ಗಡೆ ಕಾಣುವ ಮೂರು ಚುಕ್ಕಿಯಲ್ಲಿ. ಆದರೆ ಅದು ಆ ಒಂದು ಮಾತುಕತೆಗೆ ಮಾತ್ರ. “ನನ್ನನ್ನೂ ತೆಗೆಯಿರಿ” ಮೆರವಣಿಗೆಗೆ ಹೇಳಿ ಮಾಡಿಸಿದ್ದು.

ಮೊದಲು ಕೇಳಿದವರು (ಕಡಿಯಾಳಿ):

ನೀವು ಹೇಳಿದ್ದು ಸರಿ. ಹಳೆ ವಿಳಾಸವೇ. ಮಗ ಕಾಲೇಜಿನಲ್ಲಿದ್ದಾಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ನನಗೂ ಗೊತ್ತಿಲ್ಲ, ಅವನಿಗೂ ನೆನಪಿಲ್ಲ.

ಉತ್ತರ:

ಸದ್ಯಕ್ಕೆ ಗುಂಪಿನ ಮೇಲ್ ಇನ್‌ಬಾಕ್ಸಿಗೆ ಬಾರದೆ ಬೇರೆ ಕಡೆ ಕೂರುವ ಹಾಗೆ ಈಗಿನ ಜಿಮೇಲಿನಲ್ಲೇ ಒಂದು ಫಿಲ್ಟರ್ ಹಾಕಿ, ಅದಕ್ಕೆ ಹಳೆ ಪಾಸ್‌ವರ್ಡ್ ಬೇಡ. ಗುಂಪಿನ ಮೇಲ್ ತೆರೆದು ಮೂರು ಚುಕ್ಕಿಯಲ್ಲಿ “ಫಿಲ್ಟರ್ ಮೆಸೇಜಸ್ ಲೈಕ್ ದೀಸ್”, ಆಮೇಲೆ “ಸ್ಕಿಪ್ ದ ಇನ್‌ಬಾಕ್ಸ್”. ಒಂದು ಲೇಬಲ್ ಕೊಡಿ, ಡಿಲೀಟ್‌ಗೆ ಟಿಕ್ ಹಾಕಬೇಡಿ. ಇದೂ ಕಂಪ್ಯೂಟರಿನಲ್ಲೇ ಆಗಬೇಕು. ಇನ್ನು ಹೆಸರು ತೆಗೆಸುವ ಕೆಲಸ. ಗುಂಪಿನ ಅಡ್ಮಿನ್ ಸದಸ್ಯರ ಪಟ್ಟಿಯಿಂದ ನೇರ ತೆಗೆಯಬಹುದು. ಅಡ್ಮಿನ್ ಯಾರು ಅಂತ ಗೊತ್ತುಂಟಾ?

ಮೊದಲು ಕೇಳಿದವರು:

ಗೊತ್ತುಂಟು. “ಯಾರ ಮೇಲೆ ಬೇಜಾರು” ಅಂತ ಫೋನ್ ಮಾಡಿದವರೇ.

ಉತ್ತರ:

ಹಾಗಾದರೆ ಸುಲಭ ಮಾರಾಯ್ರೆ. ಸಂಜೆ ಅವರ ಮನೆಗೆ ಹೋಗಿ ಒಂದು ಚಾ ಕುಡಿಯಿರಿ, ಹಳೆ ವಿಳಾಸ ಚೀಟಿಯಲ್ಲಿ ಬರೆದು ಕೊಡಿ. ಮೇಲ್ ಮಾತ್ರ ಹಾಕಬೇಡಿ.